ಮೂರು ಊರಿನ ಕರೆಂಟು ಒಂದು ಮಾಡಲು ಹೋಗಿ

ಪರ್ತ್‌ನ ಕನ್ನಡಿಗರು ಬಾರ್ಬೆಕ್ಯೂಗೆ ಸೇರಿದಾಗಲೆಲ್ಲ ನನ್ನ ಬಗ್ಗೆ ಒಂದು ಕಥೆ ಹೇಳುತ್ತಾರೆ. ಮೈಸೂರಿನಿಂದ ಬಂದ ಮೇಘನಾ ಎಂಬ ಹುಡುಗಿ, ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಷೀಲ್ಡುಗಳನ್ನೆಲ್ಲ ಬಾಚಿಕೊಂಡವಳು, ಪರ್ತ್, ಬ್ರಿಸ್ಬೇನ್, ಅಡಿಲೇಡ್ ಮೂರೂ ಊರಿನ ಕನ್ನಡ ಶಾಲೆಗಳನ್ನು ಒಟ್ಟು ಸೇರಿಸಿ, ಕರೆಂಟನ್ನು ಸಗಟಿನಲ್ಲಿ ಕೊಂಡು, ಮುಚ್ಚಿಹೋಗಲಿದ್ದ ಪರ್ತ್ ಶಾಲೆಯನ್ನು ಬರೀ ವಾದದ ಬಲದಿಂದ ಉಳಿಸಿದಳಂತೆ. ಕೇಳಲು ಸೊಗಸಾಗಿದೆ. ನಾನು ಮಧ್ಯೆ ಬಾಯಿ ಹಾಕುವುದಿಲ್ಲ. ಆ ಹೊತ್ತಿಗೆ ನನ್ನ ಬಾಯಲ್ಲಿ ಸಾಮಾನ್ಯವಾಗಿ ಪನೀರ್ ಇರುತ್ತದೆ.

ಆದರೆ ವಾದ ಕಲಿತವಳಾಗಿ ಹೇಳಬೇಕು: ಈ ಕಥೆ ನಿಲ್ಲುವುದಿಲ್ಲ. ಕರೆಂಟು ಕೊಂಡದ್ದು ನಿಜ. ಶಾಲೆ ಉಳಿದದ್ದೂ ನಿಜ. ಒಂದರಿಂದ ಇನ್ನೊಂದು ಆಯಿತು ಎನ್ನುವುದು ಮಾತ್ರ, ಕಾಗೆ ಕೂತಿತು ಕೊಂಬೆ ಮುರಿಯಿತು ಎನ್ನುವ ಜಾತಿಯ ತರ್ಕ. ಇಲ್ಲಿ ಕಾಗೆ ನಾನು. ಕೂತ ಕೊಂಬೆಯೂ ಬೇರೆ ಮರದ್ದು.

ಪರ್ತ್‌ನ ಸದರ್ನ್ ರಿವರ್ ಬಡಾವಣೆಯ ಕಡೆ ಒಂದು ಹಳೆಯ ಹಾಲ್ ಇದೆ. ಪ್ರತಿ ಶನಿವಾರ ಅದರ ಹಿಂದಿನ ದೊಡ್ಡ ಕೋಣೆಯಲ್ಲಿ ನಮ್ಮ ಕನ್ನಡ ಶಾಲೆ. ನಡೆಸುವವರು ಫಿಲೋಮಿನಾ ಆಂಟಿ. ಊರು ಮಂಗಳೂರಿನ ಹತ್ತಿರ, ಮನೆಮಾತು ಕೊಂಕಣಿ, ಅರ್ಧ ಆಯುಷ್ಯ ಮಸ್ಕತ್‌ನಲ್ಲಿ ಮಕ್ಕಳಿಗೆ ಪಾಠ ಹೇಳುವುದರಲ್ಲಿ ಕಳೆಯಿತು. ಈಗ ಮಗನ ಜೊತೆ ಪರ್ತ್‌ನಲ್ಲಿದ್ದು ಪರರ ಮಕ್ಕಳಿಗೆ ಕನ್ನಡ ಕಲಿಸುತ್ತಾರೆ. ಸ್ವಂತ ಮೊಮ್ಮಗಳು ಟಾನ್ಯಾಳಿಗೂ ಅಲ್ಲೇ ಪಾಠ. ಆಂಟಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳು ಇಂಗ್ಲಿಷಿನಲ್ಲಿ ಸರಿಯಾಗಿ ಉತ್ತರ ಕೊಡುತ್ತಾಳೆ.

ನಾನು ಆ ಶಾಲೆಗೆ ಸೇರಿದ್ದು ಸೇವಾಮನೋಭಾವದಿಂದಲ್ಲ. ಮದುವೆಯಾಗಿ ಹೊಸದಾಗಿ ಬಂದಿದ್ದೆ. ಗಂಡ ಹರ್ಷ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಅವನಿಗೆ ಒಂದೊಂದು ದಿನ ಒಂದೊಂದು ಶಿಫ್ಟು. ನನಗೆ ಕೆಲಸ ಸಿಕ್ಕಿರಲಿಲ್ಲ, ಗೆಳತಿಯರಿರಲಿಲ್ಲ, ವಾದಕ್ಕೆ ಎದುರಾಳಿ ಇರಲಿಲ್ಲ. ಟೀವಿಯಲ್ಲಿ ವಾರ್ತೆ ಓದುವವರಿಗೆ ಖಂಡನೆ ಹೇಳುತ್ತ ದಿನ ಕಳೆಯುತ್ತಿದ್ದೆ. ಒಂದು ಸಂಜೆ ಹರ್ಷ ಬಂದಾಗ ಹವಾಮಾನ ವರದಿಯ ಜೊತೆ ಜಗಳವಾಡುತ್ತಿದ್ದೆನಂತೆ. ಮುಂದಿನ ಶನಿವಾರವೇ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಆಂಟಿಯ ಮುಂದೆ ನಿಲ್ಲಿಸಿದ. "ಆಂಟೀ, ಇವ್ಳು ಚೆನ್ನಾಗಿ ಮಾತಾಡ್ತಾಳೆ," ಎಂದ. ಅವನ ದನಿಯಲ್ಲಿ ಹೆಮ್ಮೆಗಿಂತ ಮೊರೆ ಹೆಚ್ಚಿತ್ತು.

ಆಂಟಿ ನನಗೆ ದೊಡ್ಡ ಮಕ್ಕಳ ತರಗತಿ ಕೊಟ್ಟರು. ಕೆಲವು ತಿಂಗಳು ಸುಖವಾಗಿ ಸಾಗಿತು. ಆಮೇಲೆ ಕರೆಂಟಿನ ವಿಷಯ ಬಂತು.

ಅಲ್ಲಿಯವರೆಗೆ ಹಾಲ್ ಬಾಡಿಗೆಯಲ್ಲೇ ಕರೆಂಟೂ ಸೇರಿತ್ತು. ಹಾಲ್ ನೋಡಿಕೊಳ್ಳುವ ಗ್ರೇಮ್ ಎಂಬ ಹಿರಿಯರು ಒಂದು ದಿನ ಬಂದು, ಬರುವ ವರ್ಷದಿಂದ ನಿಮ್ಮ ಕೋಣೆಯ ಮೀಟರಿನ ಬಿಲ್ಲು ನೀವೇ ಕಟ್ಟಿಕೊಳ್ಳಬೇಕು ಎಂದು ತುಂಬ ಸಂಕೋಚದಿಂದ ಹೇಳಿ ಹೋದರು. ಪರ್ತ್‌ನ ಬೇಸಿಗೆಯಲ್ಲಿ ಏಸಿ ಇಲ್ಲದೆ ಆ ಕೋಣೆಯಲ್ಲಿ ಮಕ್ಕಳು ಕೂರುವುದಿಲ್ಲ. ಏಸಿ ಹಾಕಿದರೆ ಆ ಬಿಲ್ಲು ನಮ್ಮ ಶಾಲೆಯ ಫೀಸಿಗೆ ಎಟುಕುವುದಿಲ್ಲ. ಸೋಲಾರ್ ಹಾಕೋಣವೆಂದರೆ ಛಾವಣಿ ನಮ್ಮದಲ್ಲ. ಉಳಿದ ದಾರಿ ಒಂದೇ: ಶಾಲೆ ಮುಚ್ಚಿ, ಮಕ್ಕಳನ್ನು ಬ್ರಿಸ್ಬೇನ್ ಕನ್ನಡ ಶಾಲೆಯ ಆನ್‌ಲೈನ್ ಕ್ಲಾಸಿಗೆ ಸೇರಿಸುವುದು.

"ಸೆಕೆ ನನಗೆ ಲೆಕ್ಕ ಇಲ್ಲ ಮಾರಾಯ್ತಿ. ಮಸ್ಕತ್‌ನ ಸೆಕೆ ನೋಡಿದವಳು ನಾನು," ಎಂದರು ಆಂಟಿ ಮುಂದಿನ ಶನಿವಾರ. "ಮಕ್ಕಳು ನೋಡಿಲ್ಲ ಅಲ್ವಾ."

"ಆನ್‌ಲೈನ್ ಆದ್ರೂ ಪಾಠ ನಡಿಯತ್ತಲ್ಲ ಆಂಟೀ," ಎಂದು ನಾನು ಸುಮ್ಮನೆ ಎದುರು ಪಕ್ಷ ವಹಿಸಿದೆ. ಅದು ಅಭ್ಯಾಸ.

"ಹೌದು, ನಡೀತದೆ. ಸ್ಕ್ರೀನಿನ ಒಳಗೆ ಕೈ ಹಾಕ್ಲಿಕ್ಕೆ ಆಗ್ತದಾ?"

ಆಂಟಿ ಅಕ್ಷರ ಕಲಿಸುವುದು ಕೈ ಹಿಡಿದೇ. ಮಗುವಿನ ಮುಷ್ಟಿಯನ್ನು ತಮ್ಮ ಮುಷ್ಟಿಯೊಳಗಿಟ್ಟು, ಪೆನ್ಸಿಲ್ಲನ್ನು ನಿಧಾನವಾಗಿ ಸುತ್ತಿಸಿ, 'ಈಗ ನೀನೇ' ಎಂದು ಮೆಲ್ಲಗೆ ಬಿಡುತ್ತಾರೆ. ಉತ್ತರವಿಲ್ಲದಾಗ ನಾನು ಯೋಜನೆ ಹಾಕುತ್ತೇನೆ.

"ಆಂಟೀ, ಈ ವಿಷಯ ನನಗೆ ಬಿಡಿ," ಎಂದೆ.

ಆಂಟಿ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. "ಆಯ್ತು. ನೀನೇ ನೋಡು," ಎಂದರು.

ಯೋಜನೆ ನನ್ನ ತಲೆಯಲ್ಲಿ ಆಗಲೇ ತಯಾರಿತ್ತು. ಕೆಲವು ದೇಶಗಳಲ್ಲಿ ಒಂದು ಸೀಮೆಯ ಶಾಲೆಗಳೆಲ್ಲ ಕೂಡಿ ಕರೆಂಟು ಕೊಳ್ಳುತ್ತವೆ ಎಂದು ಓದಿದ್ದೆ. ಒಂದು ಶಾಲೆ ಹೋದರೆ ಬೋರ್ಡಿನಲ್ಲಿ ಬರೆದ ದರ. ಹತ್ತು ಶಾಲೆ ಕೂಡಿ, 'ನಮಗೆಲ್ಲ ಸೇರಿ ಇಷ್ಟು ಕರೆಂಟು ಬೇಕು, ಇಷ್ಟು ವರ್ಷಕ್ಕೆ ಬೇಕು, ಯಾರು ಕಡಿಮೆಗೆ ಕೊಡುತ್ತೀರಿ?' ಎಂದು ಕೇಳಿದರೆ ಮಾರುವವರೇ ಪೈಪೋಟಿಗೆ ಇಳಿಯುತ್ತಾರೆ. ಗಿರಾಕಿ ಖಚಿತ ಎಂದು ಅವರಿಗೆ ನೆಮ್ಮದಿ, ದರ ಏರುವುದಿಲ್ಲ ಎಂದು ನಮಗೆ ನೆಮ್ಮದಿ. ಇದಕ್ಕೆ ನಾನೊಂದು ಘೋಷವಾಕ್ಯವನ್ನೂ ಕಟ್ಟಿದೆ: ಒಬ್ಬರು ಹೋದರೆ ಗಿರಾಕಿ, ಕೂಡಿ ಹೋದರೆ ಸಂತೆ.

ಊಟಕ್ಕೆ ಕೂತಾಗ ಹರ್ಷನಿಗೆ ವಿವರಿಸಿದೆ.

"ಪರ್ತ್ ಕರೆಂಟು, ಬ್ರಿಸ್ಬೇನ್ ಕರೆಂಟು ಎರಡೂ ಒಂದೇನಾ?" ಎಂದ.

"ಕರೆಂಟಿಗೆ ಊರು ಇರತ್ತಾ ಹರ್ಷ? ಶರಾವತಿ ಕರೆಂಟು ಬೆಂಗಳೂರಲ್ಲಿ ಉರಿಯಲ್ವಾ?"

"ಅಲ್ಲ, ಮಧ್ಯೆ ವೈರ್ ಹೋಗ್ಬೇಕಲ್ಲ."

"ಒಂದೇ ದೇಶ. ವೈರ್ ಇಲ್ದೇ ಇರತ್ತಾ?"

"ಸಾರು ಆರೋಗತ್ತೆ, ಊಟ ಮಾಡು," ಎಂದ. ನನ್ನ ಗಂಡ ವಾದ ಮುಗಿಸುವ ರೀತಿ ಅದು. ಚರ್ಚಾಸ್ಪರ್ಧೆಯ ಯಾವ ನಿಯಮಾವಳಿಯಲ್ಲೂ ಅದಕ್ಕೆ ಖಂಡನೆಯಿಲ್ಲ.

ಬ್ರಿಸ್ಬೇನ್ ಶಾಲೆಯ ಮುಖ್ಯಸ್ಥೆ ಸವಿತಾ. ಅವರ ಶಾಲೆ ಸನ್ನಿಬ್ಯಾಂಕ್‌ನಲ್ಲಿ. ಅಡಿಲೇಡ್ ಶಾಲೆಯ ಹೊಣೆ ಡಾಕ್ಟರ್ ಶ್ರೀಕಂಠ ಅಂಕಲ್ ಅವರದು. ಅವರು ಅರಿವಳಿಕೆ ತಜ್ಞರು. ಸಭೆಗಳಲ್ಲೂ ಅದೇ ಹದದ ದನಿ. ಇಬ್ಬರಿಗೂ ಸಂದೇಶ ಕಳಿಸಿದೆ: ಭಾನುವಾರ ಸಂಜೆ ಐದಕ್ಕೆ ವಿಡಿಯೋ ಸಭೆ. ಸವಿತಾ ಬ್ರಿಸ್ಬೇನಿನ ಐದಕ್ಕೆ ಬಂದು, ಕಾದು, ಹೋದರು. ಡಾಕ್ಟರ್ ಅಡಿಲೇಡಿನ ಐದಕ್ಕೆ ಬಂದು, ಕಾದು, ಹೋದರು. ನಾನು ಪರ್ತ್‌ನ ಐದಕ್ಕೆ ಬಂದು, ಇವರಿಗೆ ಸಮಯಪಾಲನೆಯೇ ಗೊತ್ತಿಲ್ಲವಲ್ಲ ಎಂದು ಬೈದುಕೊಂಡೆ. ಹೀಗೆ ಮೂರು ಶಾಲೆಗಳ ಮೊದಲ ಜಂಟಿ ಸಭೆಯಲ್ಲಿ ಮೂವರೂ ತಪ್ಪದೆ, ಒಬ್ಬೊಬ್ಬರಾಗಿ, ಭಾಗವಹಿಸಿದೆವು. ಒಂದೇ ದೇಶವಾದರೂ ಮೂರು ಊರಿಗೆ ಒಂದೇ ಗಡಿಯಾರವಿಲ್ಲ ಎಂದು ಆ ದಿನ ತಿಳಿಯಿತು. ಗಡಿಯಾರವಿಲ್ಲದ ಮೇಲೆ ಬೇರೆ ಏನೇನಿಲ್ಲ ಎಂದು ವಿಚಾರಿಸಬಹುದಿತ್ತು. ವಿಚಾರಿಸಲಿಲ್ಲ.

ಎರಡನೆಯ ಸಭೆಗೆ ಎಲ್ಲರೂ ಒಂದೇ ಹೊತ್ತಿಗೆ ಸಿಕ್ಕರು. ನಾನು ವಿಷಯ ಮಂಡಿಸಿದೆ. ಸವಿತಾಗೆ ಇಷ್ಟವಾಯಿತು, ಅವರ ಬಿಲ್ಲೂ ಏರಿತ್ತು. ಡಾಕ್ಟರ್ ಗಂಟಲು ಸರಿ ಮಾಡಿಕೊಂಡರು.

"ಅಲ್ಲಮ್ಮ ಮೇಘನಾ, ಒಂದು ಡೌಟು. ನಮ್ಮ ಕಡೆ ಲೈನು ನಿಮ್ಮ ಕಡೆ ಬರತ್ತಾ?"

"ಅಂಕಲ್, ಸವಿತಾ ಅವ್ರು ಸನ್ನಿಬ್ಯಾಂಕ್ ಅಂಗಡಿಯಿಂದ ತೊಗರಿಬೇಳೆ ಮೂಟೆಗಟ್ಲೆ ತಂದು ನಾಲ್ಕು ಮನೆಗೆ ಹಂಚ್ತಾರೆ. ಬೇಳೆ ಯಾವ ಹೊಲದ್ದು ಅಂತ ಯಾರಾದ್ರೂ ಕೇಳ್ತಾರಾ?"

"ಬೇಳೆ ಕಾರಲ್ಲಿ ಬರತ್ತಮ್ಮ."

ಒಳ್ಳೆಯ ಉತ್ತರ. ಎದುರಾಳಿ ಒಳ್ಳೆಯ ಉತ್ತರ ಕೊಟ್ಟಾಗ ನುರಿತ ವಾಗ್ಮಿ ಮಾಡಬೇಕಾದ್ದು ಒಂದೇ: ಅದು ಕಿವಿಗೆ ಬೀಳದಂತೆ ಮುಂದಕ್ಕೆ ಹೋಗುವುದು. ನಾನು ಕ್ಯಾಮರಾದ ಹತ್ತಿರ ಬಗ್ಗಿ, ದನಿ ತಗ್ಗಿಸಿ ಕೇಳಿದೆ, "ಅಂದ್ರೆ ಅಂಕಲ್, ಮಕ್ಕಳು ಕನ್ನಡ ಕಲಿಯೋದು ನಿಮಗೆ ಬೇಡ್ವಾ?"

ಡಾಕ್ಟರ್ ಕನ್ನಡಕ ತೆಗೆದು ಒರೆಸಿಕೊಂಡರು. "ಅಯ್ಯೋ, ನಂದೇನೂ ಅಡ್ಡಿ ಇಲ್ಲಮ್ಮ," ಎಂದರು. ಗೆದ್ದೆ. ಕಾಲೇಜಿನಲ್ಲಾಗಿದ್ದರೆ ಈ ವರಸೆಗೆ ಚಪ್ಪಾಳೆ ಬೀಳುತ್ತಿತ್ತು.

ಆಮೇಲೆ ಎಲ್ಲವೂ ಇಳಿಜಾರಿನಲ್ಲಿ ಬಿಟ್ಟ ಸೈಕಲ್ಲಿನಂತೆ ಓಡಿತು. ಇಂಥ ಜಂಟಿ ಖರೀದಿಗೆ ನೆರವಾಗುವ ಮಧ್ಯವರ್ತಿ ಸಂಸ್ಥೆಯೊಂದನ್ನು ಸವಿತಾ ಬ್ರಿಸ್ಬೇನಿನಲ್ಲಿ ಹುಡುಕಿದರು. ಮೂರು ಸಣ್ಣ ಮೀಟರಿಗೆ ಯಾರೂ ಪೈಪೋಟಿಗೆ ಬರುವುದಿಲ್ಲ, ಇನ್ನಷ್ಟು ಜನರನ್ನು ಕೂಡಿಸಿ ಎಂದರು ಆ ಸಂಸ್ಥೆಯವರು. ಸವಿತಾ ತಮ್ಮ ಆಸುಪಾಸಿನ ವಿಯೆಟ್ನಾಮೀ ಶಾಲೆ, ಪಂಜಾಬಿ ಶಾಲೆಗಳನ್ನು ಒಪ್ಪಿಸಿದರು. ಡಾಕ್ಟರ್ ತಮ್ಮ ಬೀದಿಯ ಗ್ರೀಕ್ ಶಾಲೆಯನ್ನು ಎಳೆತಂದರು. ಎಲ್ಲರೂ ತಮ್ಮ ತಮ್ಮ ಬಿಲ್ಲು, ಮೀಟರ್ ನಂಬರು ಮೊದಲೇ ಕಳಿಸಿಕೊಟ್ಟರು. ಕಳಿಸದೇ ಉಳಿದದ್ದು ನಾನೊಬ್ಬಳೇ. ನಾನು ಒಕ್ಕೂಟದ ಧ್ಯೇಯೋದ್ದೇಶಗಳನ್ನು ತಿದ್ದುವುದರಲ್ಲಿ ಮುಳುಗಿದ್ದೆ. ಸಹಿ ಹಾಕಲು ಬ್ರಿಸ್ಬೇನಿಗೆ ಹೇಗೂ ಖುದ್ದಾಗಿ ಹೋಗುತ್ತೇನಲ್ಲ, ಬಿಲ್ಲು ಆಗಲೇ ತಂದರಾಯಿತು!

ಹೊರಡುವ ಮೊದಲು ಆಂಟಿಯನ್ನು ಕಂಡೆ. ಟಿಫಿನ್ ಡಬ್ಬಿಯಲ್ಲಿ ಕಡುಬು ಕಟ್ಟಿಕೊಟ್ಟರು.

"ಹಾಲಿಗೆ ಮುಂದಿನ ವರ್ಷಕ್ಕೆ ಸೈನ್ ಹಾಕಿ ಆಗಿದೆ," ಎಂದರು.

ನಾನು ಡಬ್ಬಿ ಕೆಳಗಿಟ್ಟೆ. "ಇಷ್ಟು ಬೇಗ ಯಾಕೆ ಆಂಟೀ? ಕೆಲಸ ಇನ್ನೂ ಆಗಿಲ್ಲ."

"ನೀನು ಇದ್ದೀಯಲ್ಲ," ಎಂದರು.

ನನ್ನ ಮಾತು ನಂಬಿ ಒಬ್ಬ ಹಿರಿಯರು ವರ್ಷವಿಡೀ ಬಿಲ್ಲು ಹೊರುವುದಾಗಿ ಸಹಿ ಹಾಕಿಬಿಟ್ಟಿದ್ದಾರೆ. ಬ್ರಿಸ್ಬೇನಿನವರೆಗೂ ಆ ಕಡುಬು ನನಗೆ ಭಾರವಾಗಿತ್ತು.

ಮಧ್ಯವರ್ತಿಯ ಕಚೇರಿ ಬ್ರಿಸ್ಬೇನಿನ ಫೋರ್ಟಿಟ್ಯೂಡ್ ವ್ಯಾಲಿ ಎಂಬ ಬಡಾವಣೆಯಲ್ಲಿತ್ತು. ಸವಿತಾರನ್ನೂ ನನ್ನನ್ನೂ ಎದುರು ಕೂರಿಸಿಕೊಂಡವರು ಜೂಲಿ ಎಂಬ ನಗುಮುಖದ ಹೆಂಗಸು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ. ನನಗಾದ ಅವಮಾನ ಭಾಷಾಂತರದಲ್ಲಿ ಎಳ್ಳಷ್ಟೂ ಕಡಿಮೆಯಾಗಿಲ್ಲ. ನಾನು ಪರ್ತ್‌ನ ಬಿಲ್ಲನ್ನು ಮೇಜಿನ ಮೇಲಿಟ್ಟೆ. ಜೂಲಿ ಅದನ್ನು ಓದಿದರು. ತಿರುಗಿಸಿ ಹಿಂಬದಿ ನೋಡಿದರು.

"ಡಿಯರ್, ಇದು ಪರ್ತ್‌ನದ್ದು."

"ಹೌದು."

"ಪರ್ತ್ ಅಂದರೆ, ಆ ಪರ್ತಾ?"

"ಇನ್ನೊಂದಿದೆಯಾ?"

ಜೂಲಿ ಗೋಡೆಯ ಮೇಲಿದ್ದ ನಕ್ಷೆಯ ಕಡೆ ಪೆನ್ನು ತೋರಿಸಿದರು. ಬ್ರಿಸ್ಬೇನಿನಿಂದ ಅಡಿಲೇಡಿನ ತನಕ ಪೂರ್ವದ ಊರುಗಳ ನಡುವೆ ಗೆರೆಗಳು ಹೆಣೆದುಕೊಂಡಿದ್ದವು. ನಮ್ಮ ಪಶ್ಚಿಮದ ಗೆರೆಗಳು ನಮ್ಮಲ್ಲೇ ಗಂಟಾಗಿದ್ದವು. ನಡುವೆ ಏನೂ ಇರಲಿಲ್ಲ. ಪೂರ್ವದ ಕರೆಂಟು ಪಶ್ಚಿಮಕ್ಕೆ ಬರುವ ವೈರೇ ಇಲ್ಲ ಎಂದರು. ಅದು ಸಾಲದೆಂಬಂತೆ, ಪರ್ತ್‌ನಲ್ಲಿ ಇಷ್ಟು ಸಣ್ಣ ಮೀಟರಿಗೆ ಮಾರುವವರನ್ನು ಆರಿಸಿಕೊಳ್ಳುವ ಅವಕಾಶವೂ ಇಲ್ಲ. ಇರುವ ಒಬ್ಬರ ಹತ್ತಿರವೇ ಕೊಳ್ಳಬೇಕು.

ಇಲ್ಲಿ ಯಾವ ವಿವೇಕಿಯಾದರೂ ಬಿಲ್ಲನ್ನು ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ನಾನು ವಾದಕ್ಕೆ ನಿಂತೆ.

"ನೀವು ಇದನ್ನು ರಾಷ್ಟ್ರೀಯ ಮಾರುಕಟ್ಟೆ ಅಂತ ಕರೀತೀರಿ. ರಾಷ್ಟ್ರದ ಮೂರನೇ ಒಂದು ಪಾಲು ನೆಲ ನಮ್ಮದು. ನಮ್ಮನ್ನು ಬಿಟ್ಟು ಅದು ಹೇಗೆ ರಾಷ್ಟ್ರೀಯ?"

"ನನಗೂ ಆ ಹೆಸರು ಸರಿ ಅನಿಸಿಲ್ಲ," ಎಂದರು ಜೂಲಿ.

"ಆ ಮರುಭೂಮಿ ದಾಟಿ ರೈಲು ಬರುತ್ತೆ, ಲಾರಿ ಬರುತ್ತೆ. ವೈರಿಗೆ ಮಾತ್ರ ಏನು ಕಷ್ಟ?"

"ಖರ್ಚು."

"ಖರ್ಚು ಯಾರಿಗೆ, ಲಾಭ ಯಾರಿಗೆ ಅಂತ ಬೇರೆ ಬೇರೆ ಇಟ್ಟು ನೋಡಿ," ಎಂದು ಶುರು ಮಾಡಿದೆ. ನಾಲ್ಕು ಅಂಶ, ಎರಡು ಉಪಮೆ, ಒಂದು ಸಮಾರೋಪ. ಜೂಲಿಯ ಚಹಾ ತಣ್ಣಗಾಯಿತು. ಕೊನೆಗೆ ಅವರು ಕುರ್ಚಿಗೆ ಒರಗಿ, "ನೀನು ಹೇಳೋದು ಪೂರ್ತಿ ಸರಿ. ಒಂದು ವೈರ್ ಇರಬೇಕಿತ್ತು," ಎಂದು ಒಪ್ಪಿಕೊಂಡರು. ಗೆದ್ದೆ! ವೈರು ಮಾತ್ರ ಇರಲಿಲ್ಲ.

ಸವಿತಾ ಮೇಜಿನ ಕೆಳಗೆ ನನ್ನ ಕಾಲು ತುಳಿದರು. "ಅವ್ರು ಒಪ್ಕೊಂಡಾಯ್ತಲ್ಲ ಮೇಘನಾ. ಇನ್ನು ಆ ಮರುಭೂಮಿ ಹತ್ರ ವಾದ ಮಾಡ್ಬೇಕು, ಅಷ್ಟೇ."

ಪರ್ತ್ ಬಿಟ್ಟರೂ ಉಳಿದ ಶಾಲೆಗಳ ಕೂಟಕ್ಕೆ ಅಡ್ಡಿಯಿರಲಿಲ್ಲ. ಒಳ್ಳೆಯ ದರವೇ ಸಿಕ್ಕಿತು. ಸಂಚಾಲಕಿಯಾಗಿ ನನ್ನ ಹೆಸರು ಇದ್ದುದರಿಂದ, ನನ್ನ ಶಾಲೆಗೆ ಬಾರದ ಕರೆಂಟಿಗೆ ಸಾಕ್ಷಿಯೆಂದು ನಾನೇ ಸಹಿ ಹಾಕಿದೆ. ಸವಿತಾ ನನ್ನನ್ನು ಸನ್ನಿಬ್ಯಾಂಕ್‌ಗೆ ಕರೆದೊಯ್ದು ದೊಡ್ಡ ಬೋಗುಣಿ ತುಂಬ ನೂಡಲ್ಸ್ ತರಿಸಿದರು. ಅವರಿಗೆ ಸಂತೋಷ ತಡೆಯಲಾಗದು, ನನ್ನ ಮುಖ ನೋಡಿ ತೋರಿಸಲಾಗದು. "ತಿನ್ನಿ ಮೊದ್ಲು," ಎಂದರು. "ಸೋತಿದ್ದು ಪರ್ತು. ಹೊಟ್ಟೆ ಅಲ್ಲ."

ವಾಪಸು ಬರುವಾಗ ಕಿಟಕಿಯ ಪಕ್ಕ ಕೂತಿದ್ದೆ. ಕೆಳಗೆ ಕೆಂಪು ನೆಲ ಮುಗಿಯಲೇ ಇಲ್ಲ. ಒಂದು ಕಂಬವಿಲ್ಲ, ಒಂದು ತಂತಿಯಿಲ್ಲ. ನನ್ನ ವಾದಕ್ಕೆ ಇಷ್ಟು ದೊಡ್ಡ ಖಂಡನೆ ಹೋಗುವಾಗಲೂ ಅಲ್ಲೇ ಇತ್ತು. ಆಗ ನಿದ್ದೆ ಮಾಡುತ್ತಿದ್ದೆ.

ಹರ್ಷ ಏರ್‌ಪೋರ್ಟಿಗೆ ಬಂದಿದ್ದ. ಎಲ್ಲ ಕೇಳಿಸಿಕೊಂಡ.

"ಹೇಳ್ಬಿಡು," ಎಂದೆ.

"ಏನನ್ನ?"

"ನಾನು ಅವತ್ತೇ ಹೇಳಿದ್ದೆ ಅಂತ."

"ಮನೆಗೆ ಹೋಗೋಣ, ಸಾರು ಆರೋಗತ್ತೆ," ಎಂದು ನನ್ನ ಪೆಟ್ಟಿಗೆ ಎತ್ತಿಕೊಂಡ. ಮದುವೆಯಾದದ್ದು ಸರಿಯಾದ ಮನುಷ್ಯನನ್ನೇ.

ಆಂಟಿಯನ್ನು ಎದುರಿಸುವುದು ಬಾಕಿಯಿತ್ತು. ಶನಿವಾರ ಬೇಗ ಹೋದೆ. ಆಂಟಿ ಬೋರ್ಡು ಒರೆಸುತ್ತಿದ್ದರು.

"ಆಂಟೀ, ವೈರ್ ಇಲ್ಲ."

"ಎಂತ ವೈರು?"

ಹೇಳಿದೆ. ನಕ್ಷೆ, ಗೆರೆ, ಮರುಭೂಮಿ, ಜೂಲಿಯ ಚಹಾ ಎಲ್ಲವನ್ನೂ ಹೇಳಿದೆ. ನನ್ನ ಮಾತಿನ ಮೇಲೆ ಸಹಿ ಹಾಕಿಸಿ ಮೋಸ ಮಾಡಿದೆ ಎಂದೂ ಹೇಳಿದೆ. ಆಂಟಿ ಒರೆಸುವ ಬಟ್ಟೆ ಕೆಳಗಿಟ್ಟು ನಕ್ಕರು. ಕೂತುಕೊಂಡು ನಕ್ಕರು.

"ಅಷ್ಟು ದೂರ ಹೋಗಿ ವೈರ್ ಯಾಕಿಲ್ಲ ಅಂತ ಜಗಳ ಮಾಡಿ ಬಂದೆಯಾ? ನಿನ್ನನ್ನು ಎಂತ ಮಾಡ್ಬೇಕು ಮಾರಾಯ್ತಿ."

"ನಮ್ಮ ಮಕ್ಕಳಿಗೆ ಏನು ಮಾಡೋದು ಆಂಟೀ?"

"ಆ ಮಕ್ಕಳಿಗೆ ಆಯ್ತಲ್ಲ. ಅದು ಒಳ್ಳೇದೇ ಆಯ್ತು. ನಮ್ಮದು ನೋಡುವ."

ನೋಡಿದವರು ಡಾಕ್ಟರ್ ಶ್ರೀಕಂಠ. ಮುಂದಿನ ವಿಡಿಯೋ ಸಭೆಯಲ್ಲಿ ಅವರು ಗಂಟಲು ಸರಿ ಮಾಡಿಕೊಂಡು ಒಂದು ಸಲಹೆ ಇಟ್ಟರು: ಕೂಟದ ಶಾಲೆಗಳಿಗೆ ಉಳಿಯುವ ಹಣದಲ್ಲಿ ಒಂದೊಂದು ಪಾಲು ತೆಗೆದು ಪರ್ತ್ ಶಾಲೆಯ ಬೇಸಿಗೆಯ ಬಿಲ್ಲು ಕಟ್ಟಬೇಕು. ಗ್ರೀಕ್, ಪಂಜಾಬಿ, ವಿಯೆಟ್ನಾಮೀ ಶಾಲೆಯವರನ್ನೂ ಕೇಳಿಯಾಗಿದೆ, ಒಪ್ಪಿದ್ದಾರೆ.

ಈ ಸಲಹೆಯನ್ನು ವಿರೋಧಿಸಿ ಮಾತಾಡಿದವರು ಒಬ್ಬರೇ. ನಾನು. ಇದು ದಾನ, ಖರೀದಿಯಲ್ಲ. ಕೂಟದ ತತ್ವಕ್ಕೆ ವಿರುದ್ಧ. ಲಾಭವಿಲ್ಲದವರಿಗೆ ಪಾಲಿಲ್ಲ ಎನ್ನುವುದು ನ್ಯಾಯ. ನನ್ನ ಶಾಲೆಯ ವಿರುದ್ಧ ನಾನು ಅಷ್ಟು ಚೆನ್ನಾಗಿ ವಾದಿಸಿದ್ದನ್ನು ಕಾಲೇಜಿನ ನನ್ನ ಗುರುಗಳು ಕೇಳಿದ್ದರೆ ಕಣ್ಣೀರಿಡುತ್ತಿದ್ದರು. ಅಭಿಮಾನಕ್ಕೆ ಪೆಟ್ಟು ಬಿದ್ದವರಿಗೆ ತತ್ವಗಳು ಬೇಗ ನೆನಪಾಗುತ್ತವೆ.

"ಕೂಡಿ ಹೋದರೆ ಸಂತೆ ಅಂದಿದ್ದು ಯಾರಮ್ಮ?" ಎಂದರು ಡಾಕ್ಟರ್.

"ಅದು ಕರೆಂಟಿನ ವಿಷಯ ಅಂಕಲ್."

"ಇದೂ ಕರೆಂಟಿನ ವಿಷಯಾನೇ."

"ವೈರೇ ಇಲ್ವಲ್ಲ!"

"ದುಡ್ಡಿಗೆ ವೈರ್ ಬೇಡಮ್ಮ." ಆಮೇಲೆ ಅವರು ಕ್ಯಾಮರಾದ ಹತ್ತಿರ ಬಗ್ಗಿದರು. ದನಿ ತಗ್ಗಿಸಿದರು. "ಅಂದ್ರೆ ಮೇಘನಾ, ಮಕ್ಕಳು ಕನ್ನಡ ಕಲಿಯೋದು ನಿನಗೆ ಬೇಡ್ವಾ?"

ಸವಿತಾ ಮುಖ ಮುಚ್ಚಿಕೊಂಡು ನಕ್ಕರು. ಮತಕ್ಕೆ ಹಾಕಿದಾಗ ಎಲ್ಲರ ಕೈ ಮೇಲಿತ್ತು. ಪಕ್ಕದಲ್ಲೇ ಕೂತಿದ್ದ ಆಂಟಿಯೂ ನನ್ನ ಭುಜದ ಮೇಲಿಂದ ಕೈ ಎತ್ತಿದ್ದರು. ಅಷ್ಟು ಸಂಪೂರ್ಣವಾಗಿ ನಾನು ಜೀವನದಲ್ಲಿ ಸೋತಿರಲಿಲ್ಲ. ಗೆದ್ದ ವಾದಗಳಿಂದ ನಮ್ಮ ಶಾಲೆಗೆ ಒಂದು ಬಲ್ಬು ಉರಿಯುವಷ್ಟೂ ಕರೆಂಟು ಬರಲಿಲ್ಲ. ಸೋತ ಒಂದೇ ವಾದದಿಂದ ಇಡೀ ಬೇಸಿಗೆ ಏಸಿ ಓಡಿತು.

ಕೂಟದ ಕೆಲಸ ನನ್ನ ಕೊರಳಿಗೇ ಉಳಿಯಿತು. ಸವಿತಾ ವಾರಕ್ಕೆರಡು ಸಲ ಬಿಲ್ಲಿನ ನೆಪದಲ್ಲಿ ಫೋನ್ ಮಾಡಿ ಅತ್ತೆಯ ಬಗ್ಗೆ ಮಾತಾಡುತ್ತಾರೆ. ಡಾಕ್ಟರ್ ಬೆಳಗಾಗುತ್ತಲೇ ಗುಲಾಬಿ ಹೂವಿನ ಮೇಲೆ ಸುಭಾಷಿತ ಕಳಿಸುತ್ತಾರೆ. ನಾನು ಖಂಡಿಸಿ ಉತ್ತರ ಬರೆಯುತ್ತೇನೆ. ಅವರು ಇನ್ನೊಂದು ಗುಲಾಬಿ ಕಳಿಸುತ್ತಾರೆ. "ವಾರ್ತೆ ಓದೋರು ಈಗ ಆರಾಮಾಗಿದ್ದಾರೆ," ಎನ್ನುತ್ತಾನೆ ಹರ್ಷ.

ಬೇಸಿಗೆಯ ಮೊದಲ ತರಗತಿಯ ದಿನ ಗ್ರೇಮ್ ಏಸಿ ಪರೀಕ್ಷಿಸಲು ಬಂದಿದ್ದರು. ಆಂಟಿಯ ಸಹಿಯ ವಿಷಯದಲ್ಲಿ ನನ್ನ ತಪ್ಪಿಗೆ ಅವರ ಬಳಿಯೂ ಕ್ಷಮೆ ಕೇಳಿಬಿಡೋಣ ಎಂದು ಹೋದೆ. ಅವರಿಗೆ ಅರ್ಥವಾಗಲಿಲ್ಲ.

"ಫಿಲ್ ಸಹಿ ಹಾಕಿದ್ದಾ?" ಎಂದು ತಲೆ ಕೆರೆದುಕೊಂಡರು. ಫಿಲೋಮಿನಾ ಆಂಟಿ ಅವರ ಬಾಯಲ್ಲಿ ಬರೀ ಫಿಲ್. "ಬಿಲ್ಲಿನ ವಿಷಯ ಹೇಳೋಕೆ ಬಂದಿದ್ದೆನಲ್ಲ, ಅದೇ ಆರ್ವೋ ಹಾಕಿಬಿಟ್ಟರು. ಹೇಗೋ ನಿಭಾಯಿಸ್ತೀನಿ, ಬೇಕಾದರೆ ಬೆಳಗಿನ ಜಾವವೇ ಕ್ಲಾಸು ಇಡ್ತೀನಿ ಅಂದರು."

ಆರ್ವೋ ಎಂದರೆ ಇಲ್ಲಿಯವರ ಆಡುಮಾತಿನಲ್ಲಿ ಮಧ್ಯಾಹ್ನ. ಅದೇ ಮಧ್ಯಾಹ್ನ. ಅಂದರೆ ನಾನು 'ನನಗೆ ಬಿಡಿ' ಎನ್ನುವ ಮೊದಲೇ.

ಕೋಣೆಯೊಳಗೆ ಹೋದೆ. ಆಂಟಿ ಟಾನ್ಯಾಳ ಮುಷ್ಟಿಯನ್ನು ಹಿಡಿದು 'ಳ' ಬರೆಸುತ್ತಿದ್ದರು. ನಾನು ಪಕ್ಕದ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಮಡಚಿ ಕೂತೆ. ಗ್ರೇಮ್ ಹೇಳಿದ್ದನ್ನು ಹೇಳಿದೆ. ಆಂಟಿ ತಲೆ ಎತ್ತಲಿಲ್ಲ. ತುಟಿಯ ಅಂಚಿನಲ್ಲಿ ಮಾತ್ರ ಏನೋ ಕದಲಿತು. ನನ್ನಲ್ಲಿ ವಾದವಿರಲಿಲ್ಲ. ಒಂದು ಪ್ರಶ್ನೆಯಿತ್ತು.

"ಆಂಟೀ, ನಿಜ ಹೇಳಿ. ಅವತ್ತು 'ನೀನೇ ನೋಡು' ಅಂದ್ರಲ್ಲ, ನೀವು ಉಳಿಸೋಕೆ ನೋಡ್ತಿದ್ದಿದ್ದು ಶಾಲೇನಾ, ನನ್ನನ್ನಾ?"